ಐದು ದಿನಕ್ಕೆ ಮೂರು ಆಟ

ಇಪ್ಪತ್ತಾರು ಆಟ ಗೆದ್ದ ತಂಡವನ್ನು ಯಾರಾದರೂ ಮನೆಯಲ್ಲಿ ಕೂರಿಸುತ್ತಾರೆಯೇ? ಕೂರಿಸಿದರು. ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಹ್ಯೂಸ್ಟನ್ನಿನ ಬೇಯೂ ಕಾಲೇಜಿನ ಹದಿಮೂರು ಹುಡುಗಿಯರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಟಿವಿಯ ಮುಂದೆ ಕೂತಿದ್ದರು. ರಾಷ್ಟ್ರಮಟ್ಟದ ಬಾಸ್ಕೆಟ್‌ಬಾಲ್ ಟೂರ್ನಿಗೆ ಆಯ್ಕೆಯಾದ ಅರವತ್ತೆಂಟು ಕಾಲೇಜುಗಳ ಹೆಸರು ಒಂದೊಂದಾಗಿ ಬಂದವು. ಅರವತ್ತೆಂಟನೆಯದೂ ಬಂದು ಹೋಯಿತು, ಇವರದು ಬರಲೇ ಇಲ್ಲ. ಆಯ್ಕೆ ಸಮಿತಿಯವನೊಬ್ಬ ಟಿವಿಯಲ್ಲಿ ನಗುನಗುತ್ತಲೇ ಕಾರಣ ಹೇಳಿದ. ಗೆದ್ದಿದ್ದಾರೆ, ಇಲ್ಲ ಅನ್ನುವುದಿಲ್ಲ, ಆದರೆ ಗೆದ್ದದ್ದು ಯಾರ ಮೇಲೆ?

ಆ ಪ್ರಶ್ನೆ ಬಂದು ಬಡಿದದ್ದು ಕೋಣೆಯ ಹಿಂಬದಿಯಲ್ಲಿ ಗೋಡೆಗೊರಗಿ ನಿಂತಿದ್ದ ಸಿದ್ಧಾರೂಢನಿಗೆ. ಏಕೆಂದರೆ ಯಾರ ಮೇಲೆ ಆಡಬೇಕೆಂದು ಗೊತ್ತುಮಾಡುವವನೇ ಅವನು. ಈ ದೇಶದ ಕಾಲೇಜು ಆಟದಲ್ಲಿ ಹೊಸ ವರ್ಷದಿಂದಾಚೆಗೆ ಎಲ್ಲರೂ ತಂತಮ್ಮ ಕಾನ್ಫರೆನ್ಸಿನೊಳಗೆ, ಅಂದರೆ ತಮ್ಮ ಗುಂಪಿನ ಕಾಲೇಜುಗಳ ಜೊತೆಗೇ ಆಡಬೇಕು. ಅಲ್ಲಿ ಯಾರ ಇಷ್ಟವೂ ನಡೆಯುವುದಿಲ್ಲ. ಆದರೆ ಅದಕ್ಕೆ ಮುಂಚೆ, ನವೆಂಬರ್ ಡಿಸೆಂಬರಿನಲ್ಲಿ, ಹೊರಗಿನವರ ಜೊತೆ ಹನ್ನೊಂದು ಆಟ. ಅವನ್ನು ಮಾತ್ರ ಕಾಲೇಜುಗಳೇ ಫೋನಿನಲ್ಲಿ ಮಾತಾಡಿಕೊಂಡು ಕೂಡಿಸಿಕೊಳ್ಳಬೇಕು. ಬೇಯೂ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಆ ಫೋನು ಮಾಡುತ್ತ ಬಂದವನು ಧಾರವಾಡದ ಈ ಸಿದ್ಧಾರೂಢ. ಒಂದು ಕಾಲದಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವನು, ಈಗ ತಂಡದ ಬಸ್ಸು, ಹೋಟೆಲು, ಊಟ, ಆಟಗಳ ಪಟ್ಟಿ ಎಲ್ಲ ಅವನ ತಲೆಯ ಮೇಲೆ. ಹೋದ ವರ್ಷದ ಹನ್ನೊಂದರಲ್ಲಿ ಒಂಬತ್ತು ತಂಡಗಳು ಎಷ್ಟು ಬಡಕಲಾಗಿದ್ದವೆಂದರೆ ಅವನ್ನು ಸೋಲಿಸಿದ್ದಕ್ಕೆ ಸಮಿತಿಯವರು ಮೂರು ಕಾಸಿನ ಬೆಲೆಯನ್ನೂ ಕೊಡಲಿಲ್ಲ.

ಎಲ್ಲರೂ ಎದ್ದುಹೋದ ಮೇಲೂ ನೇಹಾ ಕುರ್ಚಿ ಬಿಟ್ಟು ಏಳಲಿಲ್ಲ. ತಂಡದ ಜೀವಾಳವೇ ಅವಳು, ಚೆಂಡು ಮುಂದಕ್ಕೆ ಒಯ್ಯುವವಳು. ಡ್ಯಾಲಸ್ ಹತ್ತಿರದ ಅಲೆನ್‌ನಲ್ಲಿ ಗ್ರಾನೈಟ್ ವ್ಯಾಪಾರ ಮಾಡಿಕೊಂಡಿರುವ ಹುಬ್ಬಳ್ಳಿಯ ನೀಲಕಂಠಪ್ಪನ ಒಬ್ಬಳೇ ಮಗಳು. ಅವಳು ಐದು ವರ್ಷದವಳಿದ್ದಾಗ ಆ ಮನೆಯ ಗ್ಯಾರೇಜಿನ ಮುಂದೆ ಮೊದಲ ಸಲ ಕೈಗೆ ಚೆಂಡು ಕೊಟ್ಟವನು ಅವಳಪ್ಪನ ಹಳೆಯ ಗೆಳೆಯನಾದ ಸಿದ್ಧಾರೂಢ. ಇಂಗ್ಲಿಷಿನಲ್ಲೇ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಗುಟ್ಟು ಹೇಳುವುದಿದ್ದರೆ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು.

"ಇನ್ನ ಒಂದ ವರ್ಷ ಅದ ಕಾಕಾ," ಅಂದಳು. "ಒಂದ ಸಲ ಆ ಟೂರ್ನಿ ಆಡಬೇಕು ನಾನು."

"ಆಡ್ತೀಯವಾ. ಬರೂ ವರ್ಷದ ಪಟ್ಟಿ ನೋಡಿ ಯಾರೂ ಉಸಿರೆತ್ತಬಾರದು, ಹಂಗ ಮಾಡ್ತೀನಿ."

ಮಾತು ಕೊಟ್ಟುಬಿಟ್ಟ. ಅಲ್ಲಿಂದಾಚೆಗೆ ಅವನಿಗೆ ಊಟ ನಿದ್ದೆ ಎಲ್ಲ ಆ ಪಟ್ಟಿಯೇ ಆಯಿತು.

ಹೆಡ್ ಕೋಚ್ ಡಾರ್ಲೀನ್‌ಗೆ ಅರವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ಮೇ ತಿಂಗಳಲ್ಲಿ ಸಿದ್ಧಾರೂಢ ತನ್ನ ಪಟ್ಟಿಯನ್ನು ಅವಳ ಮೇಜಿನ ಮೇಲೆ ಹರಡಿದಾಗ ಕನ್ನಡಕ ಏರಿಸಿ ಎರಡೆರಡು ಸಲ ಓದಿದಳು. ಹನ್ನೊಂದರಲ್ಲಿ ಏಳು ಘಟಾನುಘಟಿ ತಂಡಗಳು, ಅವುಗಳಲ್ಲಿ ಐದು ಅವರವರ ಊರಿನಲ್ಲೇ.

"ಇದೇನು ಪಟ್ಟಿಯೋ ಶಿಕ್ಷೆಯೋ?" ಎಂದಳು. "ನಾಲ್ಕು ಸಾಕು. ಎರಡು ಗಟ್ಟಿ ಆಟದ ನಡುವೆ ಒಂದು ಮೆತ್ತಗಿನದು ಇರಬೇಕು. ಹುಡುಗಿಯರ ಮೈಗೆ ಬಿಡುವು ಬೇಕು ಸಿದ್."

"ನಾಲ್ಕು ಆಡಿದರೆ ಸಮಿತಿಯವರು ಮತ್ತೆ ಅದೇ ಹಾಡು ಹಾಡುತ್ತಾರೆ. ಗಟ್ಟಿ ತಂಡದ ಎದುರು ಸೋತರೂ ರ‍್ಯಾಂಕಿಂಗ್ ಅಷ್ಟಾಗಿ ಇಳಿಯುವುದಿಲ್ಲ, ಬಡಕಲು ತಂಡವನ್ನು ಗೆದ್ದರೂ ಏರುವುದಿಲ್ಲ. ಲೆಕ್ಕ ನನ್ನ ಹತ್ತಿರ ಇದೆ."

"ಲೆಕ್ಕ ಇರಬಹುದು. ಆಡುವುದು ಕಾಲು."

ಅಂದಳೇ ಹೊರತು ಅವಳ ಹೊಟ್ಟೆಯೊಳಗೂ ಆ ಮಾರ್ಚಿನ ಉರಿ ಇತ್ತು. ವಾರಗಟ್ಟಲೆ ಎಳೆದಾಡಿ ಆರಕ್ಕೆ ಒಪ್ಪಿದಳು. ಅಷ್ಟರಲ್ಲಾದರೂ ಸಿದ್ಧಾರೂಢ ಸುಮ್ಮನಿರಬೇಕಿತ್ತು. ಇರಲಿಲ್ಲ ಪುಣ್ಯಾತ್ಮ. ಕೊನೆಯ ವರ್ಷದ ಆಟಗಾರ್ತಿಗೆ ಅವಳ ಸ್ವಂತ ಊರಿನಲ್ಲಿ ಒಂದು ಆಟ ಕೂಡಿಸುವುದು ಈ ದೇಶದ ಕಾಲೇಜುಗಳಲ್ಲಿ ಒಂದು ಪದ್ಧತಿ. ಮನೆಯವರು, ನೆರೆಹೊರೆಯವರು ಬಂದು ನೋಡಲಿ ಅಂತ. ನೇಹಾಳಿಗೂ ಡ್ಯಾಲಸ್‌ನಲ್ಲಿ ಒಂದು ಆಟ ಬೇಕೆಂದು ಹಟ ಹಿಡಿದ. ಅಲ್ಲಿನ ಗಟ್ಟಿ ತಂಡವೊಂದು ಒಪ್ಪಿತು, ಆದರೆ ಅವರಿಗೆ ಬಿಡುವಿದ್ದದ್ದು ಡಿಸೆಂಬರಿನ ಒಂದೇ ಒಂದು ಶನಿವಾರ. ಅದಕ್ಕೆ ಎರಡು ದಿನ ಮೊದಲು, ಗುರುವಾರ, ಆಸ್ಟಿನ್ನಿನಲ್ಲಿ ಇಡೀ ಪಟ್ಟಿಗೇ ದೊಡ್ಡ ಆಟ. ಒಂದು ದಿನ ಬಿಟ್ಟು, ಸೋಮವಾರ, ಹ್ಯೂಸ್ಟನ್ನಿನಲ್ಲಿ ಇನ್ನೊಂದು. ಐದು ದಿನಕ್ಕೆ ಮೂರು ಆಟ, ಮೂರೂ ಗಟ್ಟಿ. ಡಾರ್ಲೀನ್ ಮುಖ ಸಿಂಡರಿಸಿದಳು. ಹುಡುಗಿಯ ಅಪ್ಪ ಅಮ್ಮ ನೋಡಲಿ ಬಿಡು ಎಂದು ಇವನೇ ಪುಸಲಾಯಿಸಿ ಸಹಿ ಹಾಕಿಸಿಕೊಂಡ.

ಅಲೆನ್‌ನಲ್ಲಂತೂ ಆವತ್ತಿನಿಂದಲೇ ಸಡಗರ. ನೀಲಕಂಠಪ್ಪ ತಮ್ಮ ಬಸವ ಬಳಗದವರಿಗೆಲ್ಲ ತಾನೇ ಫೋನು ಮಾಡಿ ನೂರಾ ಎಂಬತ್ತು ಜನರನ್ನು ಒಪ್ಪಿಸಿದ. ನೇಹಾಳ ನಂಬರಿನ ಅಂಗಿ ಹೊಲಿಸಿದ. "ಸಿದ್ಧೂ, ಮದುವಿಗೆ ಇಷ್ಟ ಮಂದಿ ಬರ್ತಾರೋ ಇಲ್ಲೋ, ಆಟಕ್ಕ ಬರ್ಲಿಕ್ಕತ್ತಾರ ನೋಡು!" ಎಂದು ದಿನಕ್ಕೊಂದು ಸಲ ಫೋನಿನಲ್ಲಿ ನಗುತ್ತಿದ್ದ.

ಗುರುವಾರ ಆಸ್ಟಿನ್ನಿನಲ್ಲಿ ಬೇಯೂ ತಂಡ ನಾಲ್ಕೇ ಅಂಕದಿಂದ ಸೋತಿತು. ನೇಹಾ ಒಬ್ಬಳೇ ಇಪ್ಪತ್ತೇಳು ಅಂಕ ಹೊಡೆದಳು. ಆ ಊರಿನವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯ ನಿಮಿಷದಲ್ಲಿ ಒಮ್ಮೆ ಮೈಮೇಲೆ ಯಾರೋ ಬಿದ್ದು ನೆಲಕ್ಕುರುಳಿದಳು, ಆದರೆ ತಕ್ಷಣ ಎದ್ದಳು. ಸಿದ್ಧಾರೂಢ ರ‍್ಯಾಂಕಿಂಗ್ ನೋಡಿದ. ಸೋತರೂ ತಂಡ ಮೂರು ಸ್ಥಾನ ಮೇಲಕ್ಕೇರಿತ್ತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಶುಕ್ರವಾರ ಬೆಳಿಗ್ಗೆ ಬಸ್ಸು ಡ್ಯಾಲಸ್ ಕಡೆ ಹೊರಟಿತು. ಸಿದ್ಧಾರೂಢ ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅವನ ಹಿಂದಿನ ಸೀಟಿನಲ್ಲಿ ತಂಡದ ಟ್ರೇನರ್ ಮಾರ್ಗೋ. ಆಟಗಾರ್ತಿಯರ ಕೈಕಾಲಿನ ಜವಾಬ್ದಾರಿಯೆಲ್ಲ ಅವಳದು. ಅವಳು ಕೂರಿಸು ಅಂದರೆ ಮುಗಿಯಿತು, ಕೋಚ್ ಕೂಡ ಆಡಿಸುವ ಹಾಗಿಲ್ಲ. ಯಾರಿಗೆ ಎಲ್ಲಿ ನೋವಾದರೂ, ಅದು ಯಾರ ಕಿವಿಗೆ ಬಿದ್ದರೂ, ಮೊದಲು ಅವಳಿಗೆ ತಿಳಿಸಬೇಕು ಅನ್ನುವುದು ಕಾಲೇಜಿನ ನಿಯಮ. ವರ್ಷಕ್ಕೊಮ್ಮೆ ಎಲ್ಲರೂ ಸಹಿ ಹಾಕುತ್ತಾರೆ, ಸಿದ್ಧಾರೂಢನೂ ಹಾಕಿದ್ದ.

ಟೆಂಪಲ್ ಊರು ದಾಟುವಾಗ ನೇಹಾ ಹಿಂದಿನಿಂದ ಎದ್ದು ಬಂದಳು. ಸೀಟಿನಿಂದ ಸೀಟಿಗೆ ಕೈ ಊರುತ್ತ ಬಂದು ಮಾರ್ಗೋಳನ್ನು ದಾಟಿ ಸಿದ್ಧಾರೂಢನ ಪಕ್ಕ ಕೂತಳು.

"ಕಾಕಾ, ಮೊಣಕಾಲು ಭಾಳ ನೋಸ್ತದ," ಎಂದಳು. ಕನ್ನಡದಲ್ಲೇ. "ಬಿದ್ದಾಗ ಒಳಗ ಟಕ್ ಅಂತು. ಈಗ ಮೆಟ್ಟಲ ಇಳಿಯೂ ಮುಂದ ಕಾಲು ನಿಲ್ಲೂದಿಲ್ಲ."

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಬಾತದೇನು?"

"ಸ್ವಲ್ಪ. ಅಪ್ಪಗ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ."

ಹಿಂದಿನ ಸೀಟಿನಿಂದ ಮಾರ್ಗೋ ಕಿವಿಯಿಂದ ಇಯರ್‌ಫೋನ್ ತೆಗೆದು ಮುಂದಕ್ಕೆ ಬಾಗಿದಳು. "ಎಲ್ಲ ಸರಿ ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಒಂದೇ ಒಂದು ವಾಕ್ಯ ಸಾಕಿತ್ತು. ಮಾರ್ಗೋ ಬಸ್ಸಿನಲ್ಲೇ ಕಾಲು ನೋಡುತ್ತಿದ್ದಳು, ಡ್ಯಾಲಸ್‌ನಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದಳು, ಶನಿವಾರದ ಆಟಕ್ಕೆ ನೇಹಾ ಬೆಂಚಿನ ಮೇಲೆ. ಸಿದ್ಧಾರೂಢನ ತಲೆಯಲ್ಲಿ ಓಡಿದ್ದೇ ಬೇರೆ. ನೂರಾ ಎಂಬತ್ತು ಜನ ಅಂಗಿ ತೊಟ್ಟು ಬರುತ್ತಾರೆ. ನೇಹಾ ಇಲ್ಲದೆ ಡ್ಯಾಲಸ್ ಆಟ ಗೆಲ್ಲುವುದು ಅಷ್ಟರಲ್ಲೇ ಇದೆ. ಗೆಲ್ಲದಿದ್ದರೆ ಈ ಪಟ್ಟಿ ಕೂಡಿಸಿದ್ದೇ ತಲೆಕೆಟ್ಟ ಕೆಲಸ ಅನ್ನಿಸಿಕೊಳ್ಳುತ್ತದೆ, ಡಾರ್ಲೀನ್ ಹೇಳಿದ್ದೇ ನಿಜವಾಗುತ್ತದೆ. ಮತ್ತೆ ಹುಡುಗಿ ಕಾಕಾ ಎಂದು ನಂಬಿ ಬಂದು ಹೇಳಿದ್ದನ್ನು ಬಯಲು ಮಾಡುವುದು ಹೇಗೆ? ಕೊನೆಯ ಈ ನೆಪ ಅವನಿಗೆ ಬಹಳ ಹಿಡಿಸಿತು.

"ಏನಿಲ್ಲ, ಮನೆ ವಿಷಯ," ಎಂದು ಮಾರ್ಗೋಳತ್ತ ತಿರುಗಿ ನಕ್ಕ. "ಅವರಮ್ಮ ನಿಮಗೆಲ್ಲ ರೊಟ್ಟಿ ಎಣ್ಣೆಗಾಯಿ ಮಾಡಿ ತರುತ್ತಾರಂತೆ."

ಮಾರ್ಗೋಳೂ ನಕ್ಕು ಇಯರ್‌ಫೋನ್ ಸಿಕ್ಕಿಸಿಕೊಂಡಳು.

"ಐಸ್ ಇಡು, ಬಿಗಿಯಾಗಿ ಪಟ್ಟಿ ಸುತ್ಕೋ," ಎಂದ ನೇಹಾಳಿಗೆ, ಮೆಲ್ಲಗೆ. "ಎರಡ ಆಟ ತಡಿ ಯವ್ವಾ. ಸೋಮವಾರ ಮುಗೀತಂದ್ರ ಹನ್ನೆರಡು ದಿನ ಬಿಡುವು ಇಟ್ಟೀನಿ."

ನೇಹಾ ಅವನ ಮುಖವನ್ನೇ ನೋಡಿದಳು. ಇನ್ನೇನೋ ಹೇಳುತ್ತಾನೆ ಎಂದು ಕಾದಂತೆ ಇತ್ತು. ಅವನು ಮತ್ತೆ ಲ್ಯಾಪ್‌ಟಾಪ್ ತೆರೆದ. "ಓಕೆ," ಎಂದು ಎದ್ದು, ಮತ್ತೆ ಸೀಟುಗಳಿಗೆ ಕೈ ಊರುತ್ತ ಹಿಂದಕ್ಕೆ ಹೋದಳು.

ಶನಿವಾರ ಆಟದಂಗಳದ ಒಂದು ಮಗ್ಗುಲು ಪೂರ್ತಿ ಕನ್ನಡದವರು. ಮುತ್ತೈದೆಯರು ಸೀರೆಯ ಮೇಲೆ ನೇಹಾಳ ಅಂಗಿ ತೊಟ್ಟಿದ್ದರು. ನೀಲಕಂಠಪ್ಪ ಕೂತಲ್ಲಿ ಕೂರಲಾರದೆ ಮೊದಲ ಸಾಲಿನ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ನೇಹಾ ಅರ್ಧ ಆಟದೊಳಗೆ ಹದಿನಾಲ್ಕು ಅಂಕ ಹೊಡೆದಾಗ ಸಿದ್ಧಾರೂಢ, ಅದೇನೂ ಅಂಥ ನೋವಲ್ಲ ಬಿಡು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಬಿಡುವಿನ ಹೊತ್ತಿನಲ್ಲಿ ಅವಳು ಒಳಗಿನ ಮೆಟ್ಟಿಲಿಳಿಯುವಾಗ ಎರಡೂ ಕೈಯಲ್ಲಿ ಸರಳು ಹಿಡಿದದ್ದನ್ನು ಅವನು ನೋಡಿದ. ನೋಡಿಯೂ ನೋಡದವನ ಹಾಗೆ ಅತ್ತ ತಿರುಗಿದ. ಆಗಲೂ ತಡವಾಗಿರಲಿಲ್ಲ.

ಬಿಡುವು ಮುಗಿದು ಮೂರನೇ ಕ್ವಾರ್ಟರ್ ಶುರುವಾಗಿ ಎರಡು ನಿಮಿಷ. ಯಾರೂ ಮುಟ್ಟಲಿಲ್ಲ, ಯಾರೂ ತಳ್ಳಲಿಲ್ಲ. ನೇಹಾ ಚೆಂಡು ಹಿಡಿದು ಎಡಕ್ಕೆ ಹೊರಳಿದಳು, ಕಾಲು ಹೊರಳಲಿಲ್ಲ. ಅವಳ ಚೀರಾಟ ಕೇಳಿ ಅಷ್ಟು ದೊಡ್ಡ ಆಟದಂಗಳ ಒಮ್ಮೆಗೇ ಮೌನವಾಯಿತು. "ಅಯ್ಯೋ ನನ್ನ ಕೂಸ!" ಎಂಬ ಅವಳ ಅಮ್ಮ ಸುಮಿತ್ರವ್ವನ ದನಿ ಒಂದೇ ಕೇಳುತ್ತಿತ್ತು. ಮಾರ್ಗೋ ಓಡಿದಳು.

ನೇಹಾ ಇಲ್ಲದ ತಂಡ ಅಳುತ್ತಳುತ್ತಲೇ ಆಡಿ ಆ ಆಟ ಗೆದ್ದಿತು. ಎಂಥ ವಿಪರೀತ ನೋಡಿ, ಆ ವರ್ಷದ ಅವರ ಅತಿ ದೊಡ್ಡ ಗೆಲುವು ಅದೇ.

ಸ್ಕ್ಯಾನ್ ನೋಡಿದ ಸರ್ಜನ್ ಮುಚ್ಚಿಡದೆ ಹೇಳಿದ. ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಮೊದಲೇ, ಬಹುಶಃ ಆಸ್ಟಿನ್ನಿನಲ್ಲೇ, ಅರ್ಧ ಹರಿದಿತ್ತು. ಅದರ ಮೇಲೆ ಆಡಿ ಪೂರ್ತಿ ಹರಿದಿದೆ, ಜೊತೆಗೆ ಮೂಳೆಗಳ ನಡುವಿನ ಗಾದಿಯೂ ನುಗ್ಗಾಗಿದೆ. ಆಗಲೇ ಕೂರಿಸಿದ್ದರೆ ಫೆಬ್ರವರಿಗೆ ಮತ್ತೆ ಆಡುವ ಸಾಧ್ಯತೆ ಇತ್ತೇನೋ. ಈಗ ಆಪರೇಷನ್, ಒಂದು ವರ್ಷ. ಓಡಾಡಬಹುದು, ಕಾಲೇಜು ಆಟ ಮಾತ್ರ ಮುಗಿದಂತೆ.

ಕಾಲೇಜಿನವರು ವಿಚಾರಣೆ ನಡೆಸಿದರು. ನೋವಿನ ವಿಷಯ ಯಾರಿಗಾದರೂ ಹೇಳಿದ್ದೆಯಾ ಎಂದು ನೇಹಾಳನ್ನು ಕೇಳಿದರೆ, ಇಲ್ಲ, ಯಾರಿಗೂ ಇಲ್ಲ ಎಂದಳು. ಹಾಗಾದರೆ ಗುರುತಿಸಬೇಕಾಗಿದ್ದವಳು ಮಾರ್ಗೋ ಎಂದು ಅವಳ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ ಸೇರಿತು. "ಎರಡು ದಿನ ಪಕ್ಕದಲ್ಲೇ ಇದ್ದೆ ಸಿದ್. ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ?" ಎಂದು ಅವಳು ಇವನ ರೂಮಿಗೆ ಬಂದು ಅತ್ತಳು. ಇವನು ಟಿಶ್ಯೂ ಡಬ್ಬಿಯನ್ನು ಅವಳತ್ತ ಸರಿಸಿದ. ನಾಳೆ ಹೇಳಿದರಾಯಿತು ಎಂದುಕೊಂಡ, ಮತ್ತೆ ಮರುದಿನವೂ ಹಾಗೇ ಎಂದುಕೊಂಡ. ಅಪರಾಧಿಗೆ ಇರಬೇಕಾದ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ ಅವನನ್ನು ತಡೆದಿತ್ತು.

ಮತ್ತೆ ಮಾರ್ಚ್ ಬಂತು. ಈ ಸಲ ಹತ್ತು ಆಟ ಸೋತ ತಂಡ. ಆದರೂ ಟಿವಿಯಲ್ಲಿ ಬೇಯೂ ಕಾಲೇಜಿನ ಹೆಸರು ಬಂತು! ಸಮಿತಿಯವನು ಹೊಗಳಿದ್ದೇ ಹೊಗಳಿದ್ದು: ಇವರು ಯಾರಿಗೂ ಹೆದರಲಿಲ್ಲ, ಇಡೀ ದೇಶದಲ್ಲೇ ಗಟ್ಟಿಯಾದ ಪಟ್ಟಿಗಳಲ್ಲಿ ಇವರದೊಂದು, ಡ್ಯಾಲಸ್‌ನಲ್ಲಿ ಗೆದ್ದದ್ದೇ ನಮಗೆ ಮುಖ್ಯವಾಯಿತು. ಹುಡುಗಿಯರು ಕುಣಿದರು. ಡಾರ್ಲೀನ್ ಬಂದು ಸಿದ್ಧಾರೂಢನ ಕೈ ಕುಲುಕಿ, "ನೀನು ಹೇಳಿದ್ದೇ ಸರಿಯಾಯಿತು," ಎಂದಳು. ಅವನು ಕೈ ಬಿಡಿಸಿಕೊಂಡು ಹೊರಗೆ ಹೋದ.

ಮರುದಿನ ಮುಂಜಾನೆಯೇ ಕಾರು ಹತ್ತಿ ಅಲೆನ್‌ಗೆ ಹೋದ. ನೇಹಾ ಆ ಸೆಮಿಸ್ಟರ್ ಪೂರ್ತಿ ಮನೆಯಲ್ಲೇ ಇದ್ದು ಆನ್‌ಲೈನಿನಲ್ಲಿ ಓದುತ್ತಿದ್ದಳು. ಬಾಗಿಲಲ್ಲೇ ನೀಲಕಂಠಪ್ಪ ಅಪ್ಪಿಕೊಂಡ. ಮೂರು ತಿಂಗಳಲ್ಲಿ ಮನುಷ್ಯ ಇಳಿದುಹೋಗಿದ್ದ. "ಅಂತೂ ಸಾಧಿಸಿದಿ ಸಿದ್ಧೂ. ಆಕಿ ಆಡೂದಿಲ್ಲ ಅಂತ ಸಂಕಟ ಅದ, ಇಲ್ಲ ಅನ್ನೂದಿಲ್ಲ. ಆದ್ರ ಸ್ವಂತ ಕಾಕಾನೂ ನಿನ್ನಷ್ಟು ನಿಲ್ಲೂದಿಲ್ಲೋ. ಕೂಡು, ಚಹಾ ತರ್ತೀನಿ."

ಸಿದ್ಧಾರೂಢ ಕೂರಲಿಲ್ಲ, ನೇಹಾಳ ಕೋಣೆಗೆ ಹೋದ. ಅವಳು ಕಾಲಿಗೆ ಬ್ರೇಸ್ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ತೊಡೆ ಬತ್ತಿ ಹೋಗಿತ್ತು. ಅವನು ಬಾಗಿಲು ಓರೆ ಮಾಡಿದ.

"ವಿಚಾರಣೆಯೊಳಗ ಯಾಕ ಸುಳ್ಳ ಹೇಳಿದಿ?"

"ನೀವು ಬಸ್ಸಿನ್ಯಾಗ ಯಾಕ ಸುಳ್ಳ ಹೇಳಿದ್ರಿ?"

ಅವಳೇ ಮುಂದುವರಿದಳು, ತಡೆತಡೆದು, ಸಿಕ್ಕ ಕನ್ನಡದಲ್ಲಿ. "ಮಾರ್ಗೋ ಪ್ರತಿ ವಾರ ಫೋನ್ ಮಾಡಿ ಸಾರಿ ಅಂತಾಳ. ನನಗ ಅದು ಕೇಳಲಿಕ್ಕೆ ಆಗೂದಿಲ್ಲ ಕಾಕಾ. ಆಕಿಗಾದರೂ ಹೇಳ್ರಿ."

"ಹೇಳ್ತೀನಿ. ಇವತ್ತ ಹೇಳ್ತೀನಿ. ನೀ ಯಾರಿಗೂ ಹೇಳಬ್ಯಾಡ ಅಂದಿದ್ದೆಲ್ಲವಾ, ಅದಕ್ಕ ನಾನು..."

"ಹೌದು, ಅಂದಿದ್ದೆ." ಅವಳ ದನಿ ಏರಿತು. "ಹೇಳಬಾರದು ಅಂತಿದ್ರ ನಿಮಗ ಯಾಕ ಹೇಳ್ತಿದ್ದೆ? ಸುಮ್ನ ಆಡ್ತಿದ್ದಿಲ್ಲ? ಅಪ್ಪಗ ಇಲ್ಲ ಅನ್ನೂದು ನನ್ನ ಕಡಿಂದ ಆಗ್ತಿರಲಿಲ್ಲ. ಆಟ ಕೂಡಿಸಿದವ್ರು ನೀವು, ನೀವು ಬ್ಯಾಡ ಅಂದ್ರ ಅಪ್ಪ ಕೇಳ್ತಿದ್ದ. ನೀವು ಬ್ಯಾಡ ಅಂತೀರಿ ಅಂತನ ನಾನು ಬಂದೆ."

ಅವಳ ಗುಟ್ಟು ಕಾಪಾಡಿದೆ ಎಂದು ಮೂರು ತಿಂಗಳು ಸಿದ್ಧಾರೂಢ ಹಿಡಿದುಕೊಂಡಿದ್ದ ಒಂದೇ ಒಂದು ನೆಪವೂ ಹೋಯಿತು.

ಬಾಗಿಲು ತೆರೆಯಿತು. ನೀಲಕಂಠಪ್ಪ ಎರಡು ಕಪ್ ಚಹಾ ಹಿಡಿದು ಬಂದ. "ಬರೂ ವರ್ಷಾನೂ ಹಿಂಗ ಗಟ್ಟಿ ಪಟ್ಟಿ ಮಾಡೋ ಸಿದ್ಧೂ, ಬಿಡಬ್ಯಾಡ," ಎಂದ.

"ಅಣ್ಣಾರ, ನನಗ ಗೊತ್ತಿತ್ತು."

"ಏನು, ಸೆಲೆಕ್ಟ್ ಆಗ್ತೀವಂತ?"

"ಕಾಲಿನ ವಿಷಯ. ಆಸ್ಟಿನ್ನಿನಿಂದ ಬರೂ ಮುಂದ ಬಸ್ಸಿನ್ಯಾಗ ಹೇಳಿದ್ಲು. ಮಾರ್ಗೋ ಹಿಂದ ಕೂತು ಏನಾತು ಅಂತ ಕೇಳಿದ್ಲು, ನಾ ಏನಿಲ್ಲ ಅಂದೆ. ಗೊತ್ತಿದ್ದ ಆಡಸಿದೆರಿ."

ನೀಲಕಂಠಪ್ಪನ ಮುಖ ಕಪ್ಪಿಟ್ಟಿತು. ಕೂಗಾಡುತ್ತಾನೆ, ಕೈ ಎತ್ತುತ್ತಾನೆ ಎಂದು ಸಿದ್ಧಾರೂಢ ಕಾದ. ಹಾಗಾದರೂ ಆಗಲಿ ಎಂದು ಬಯಸಿದ. ನೀಲಕಂಠಪ್ಪ ಕಪ್ಪುಗಳನ್ನು ಕಪಾಟಿನ ಮೇಲಿಟ್ಟ. ಒಂದರಿಂದ ಚಹಾ ಚೆಲ್ಲಿ ಬೆರಳಿಗೆ ಬಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ. ಇವನ ಕಡೆ ತಿರುಗಿಯೂ ನೋಡದೆ ಮಗಳನ್ನು ಕೇಳಿದ.

"ಇಂವಗ ಹೇಳಿದಿ. ನನಗ ಯಾಕ ಹೇಳಲಿಲ್ಲ ಯವ್ವಾ?"

ನೇಹಾ ಇಂಗ್ಲಿಷಿನಲ್ಲಿ ಹೇಳಿದಳು.

"ನೀನು ಅಷ್ಟು ಖುಷಿಯಾಗಿದ್ದೆ ಅಪ್ಪಾ."

ನೀಲಕಂಠಪ್ಪ ಅಲ್ಲೇ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಮಗಳ ಪಾದ ಹಿಡಿದುಕೊಂಡು ಭುಜ ಅಲುಗಿಸಿ ಅಳತೊಡಗಿದ. ಸದ್ದು ಕೇಳಿ ಅಡುಗೆಮನೆಯಿಂದ ಸುಮಿತ್ರವ್ವ ಏನಾತ್ರಿ ಎನ್ನುತ್ತ ಓಡಿ ಬಂದಳು. ಏನಾಯಿತೆಂದು ಅವಳಿಗೆ ಹೇಳಬೇಕಾದವನು ತಾನೇ ಎಂದು ಸಿದ್ಧಾರೂಢನಿಗೆ ಗೊತ್ತಿತ್ತು. "ವೈನಿ," ಎಂದು ಅವಳತ್ತ ತಿರುಗಿ ಶುರು ಮಾಡಿದ.